ಕಾಲಿಗೆ ಕೂಲಿ ಇಲ್ಲ

ಆ ಕಾಗದದಲ್ಲಿ ಸೊನ್ನೆ ಬರೆದವಳು ನಾನೇ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ನನಗೆ ಕೋಪ ಹೆಚ್ಚು, ಬಾಯಿ ಇನ್ನೂ ಹೆಚ್ಚು. ಬೋಳಾರದ ನಮ್ಮ ಮೀನುಗಾರರ ಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಮಾಡಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಬುದ್ಧಿ ಮಾತ್ರ ನನಗಿಲ್ಲ.

ಮೂವತ್ತೈದನೆಯ ಇಸವಿ. ಮಳೆ ಬಿಟ್ಟು, ದೀಪಾವಳಿ ಮುಗಿದು, ಕಡಲಿಗೆ ಬಂಗುಡೆ ಬರುವ ಹೊತ್ತು. ನನಗೆ ಹದಿನೆಂಟು, ನನ್ನ ಅಣ್ಣ ವಾಸುವಿಗೆ ಇಪ್ಪತ್ತೆರಡು. ಹಂಚಿನ ಕಾರ್ಖಾನೆಯ ಕೆಲಸ ಬಿಟ್ಟು ಅವನು ಮನೆಯಲ್ಲಿ ಕೂತು ನಾಲ್ಕು ತಿಂಗಳಾಗಿತ್ತು. ಕೆಮ್ಮನ್ನು ಮೊದಲು ಮಳೆಯ ಕೆಮ್ಮು ಎಂದೆವು. ಮಳೆ ಹೋಯಿತು, ಕೆಮ್ಮು ಹೋಗಲಿಲ್ಲ. ಅವನ ಕರವಸ್ತ್ರದಲ್ಲಿ ಕೆಂಪು ಕಂಡ ದಿನ ನಮ್ಮ ಅಮ್ಮ ಮೀನಿನ ಬುಟ್ಟಿಯನ್ನು ಅಂಗಳದಲ್ಲೇ ಬಿಟ್ಟು ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹಿಂದಿನಿಂದ ನಾನೂ ಓಡಿದೆ. ಆ ದಿನ ಬೆಕ್ಕುಗಳಿಗೆ ಹಬ್ಬವಾಯಿತು.

ಡಾಕ್ಟರು ಅಣ್ಣನ ಬೆನ್ನು ತಟ್ಟಿ, ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಅಮ್ಮನಿಗೆ ಹೇಳಿದರು: "ಮಡಿಕೇರಿಗೆ ಕಳಿಸಿ. ಮೂರು ತಿಂಗಳು ಬೆಟ್ಟದ ಗಾಳಿ. ದಿನಾ ಬೆಳಿಗ್ಗೆ ಅಲ್ಲಿನ ಆಸ್ಪತ್ರೆಯಲ್ಲಿ ಸೂಜಿಮದ್ದು. ಹಾಲು ಕುಡಿಬೇಕು, ದಣಿಯಬಾರದು. ಈಗ ಹೋದ್ರೆ ಹುಡುಗ ಉಳಿತಾನೆ. ಹೋಗದಿದ್ರೆ ಬರುವ ಮಳೆಗಾಲದ ಮಾತು ನನ್ನ ಹತ್ತಿರ ಕೇಳ್ಬೇಡಿ."

ಕೇಳಬೇಡಿ ಎಂದರೆ ಎಂತ ಎಂದು ನಮಗೆ ಗೊತ್ತಾಯಿತು.

ನಮ್ಮಲ್ಲಿ ಮನೆ ನಡೆಯುವುದು ಹೆಣ್ಣಿನ ಕಡೆಯಿಂದ. ಯಜಮಾನಿಕೆ ಅಮ್ಮನ ಅಣ್ಣನದು. ನಮ್ಮ ಗಿರಿಯಪ್ಪ ಮಾವನಿಗೆ ಹೊಳೆಯಾಚೆ ಬೆಂಗ್ರೆಯ ರಂಪಣಿಯಲ್ಲಿ ಒಂದು ಪಾಲು ಇತ್ತು. ರಂಪಣಿ ಎಂದರೆ ಒಬ್ಬನ ಬಲೆಯಲ್ಲ, ಹತ್ತಾರು ಮನೆಯವರು ಸೇರಿ ಕಡಲಿಗೆ ಬಿಟ್ಟು ದಡಕ್ಕೆ ಎಳೆಯುವ ದೊಡ್ಡ ಬಲೆ. ಅದರಲ್ಲಿ ಪಾಲು ಇದ್ದವನು ಯಜಮಾನ, ಇಲ್ಲದವನು ಕೂಲಿ. ಮಾವ ಅಂಗಳದಲ್ಲಿ ಕೂತು ಎರಡು ಬೀಡಿ ಸೇದುವವರೆಗೆ ಯೋಚಿಸಿ ಹೇಳಿದ: "ಅರ್ಧ ಪಾಲು ಬೂಬನಿಗೆ ಕೊಡ್ತೇನೆ. ಅವನಿಗೂ ಅದೇ ಬಲೆಯಲ್ಲಿ ಪಾಲುಂಟು, ಇದನ್ನೂ ಕೊಳ್ಳಲಿಕ್ಕೆ ಕೇಳ್ತಾ ಇದ್ದಾನೆ. ವಾರಿಜಾ, ನೀನು ಐದನೇ ಕ್ಲಾಸು ಕಲಿತವಳಲ್ವಾ? ಎಷ್ಟು ಬೇಕು ಅಂತ ಲೆಕ್ಕ ಹಾಕು. ಒಂದೇ ಸಲ ಹೇಳು. ಕಡಲ ಬದಿಯಲ್ಲಿ ಎರಡೆರಡು ಸಲ ಬೆಲೆ ಹೇಳುವವನಿಗೆ ಮರ್ಯಾದೆ ಇಲ್ಲ."

ಒಂದೇ ಸಲ. ಅಂದರೆ ನಾನು ಹೇಳಿದ ಮೊತ್ತವೇ ಅಣ್ಣನ ಆಯುಷ್ಯ. ಕಡಿಮೆ ಹೇಳಿದರೆ ಅಲ್ಲಿ ಬೆಟ್ಟದ ಮೇಲೆ ಹಣ ಮುಗಿದು ಅರ್ಧಕ್ಕೇ ಇಳಿದು ಬರಬೇಕು. ಹೆಚ್ಚು ಹೇಳಿದರೆ ಇಡೀ ಪಾಲೇ ಹೋಗಿ, ನಾಳೆ ಮಾವ ಅದೇ ಬಲೆಯ ಹಗ್ಗ ಹಿಡಿದು ಬೂಬನ ಕೂಲಿಯಾಗಬೇಕು.

ಹಂಪನಕಟ್ಟೆಯ ಮೋಟಾರು ಬಸ್ಸಿನ ಆಫೀಸಿನಲ್ಲಿ ಟಿಕೇಟು ಬರೆಯುವವರು ರಾಫೆಲ್ ಪೊರ್ಬುಗಳು. ಕ್ರಿಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು. ಅಮ್ಮ ಅವರ ಮನೆಗೆ ಹದಿನೈದು ವರ್ಷದಿಂದ ಮೀನು ಕೊಡುತ್ತಿದ್ದಳು. ನಾನು ಕೇಳಿದೆನೆಂದು ಅವರು ಮಡಿಕೇರಿಗೆ ಹೋಗುವ ಡ್ರೈವರನಿಗೆ ಹೇಳಿ, ಅಲ್ಲಿಯ ಕೋಣೆಗಳ ಬಾಡಿಗೆ ವಿಚಾರಿಸಿ ಒಂದು ಚೀಟಿ ತರಿಸಿಕೊಟ್ಟರು. ಅದರಲ್ಲಿ ಮೂರು ಸಾಲು ಇತ್ತು. ಆಸ್ಪತ್ರೆಯ ಬೀದಿಯಲ್ಲಿ ಕೋಣೆ, ತಿಂಗಳಿಗೆ ಹನ್ನೆರಡು ರೂಪಾಯಿ. ಆಸ್ಪತ್ರೆಯ ಗೇಟಿನ ಎದುರು ರತ್ನಾವತಿ ಎಂಬ ವಿಧವೆಯ ಮನೆ, ರೋಗಿ ಒಬ್ಬರಿಗೆ ಮಾತ್ರ ಜಾಗ, ಗಂಜಿ ಊಟ ಸೇರಿ ಇಪ್ಪತ್ತು. ಕೆಳಗಿನ ಬೀದಿಯಲ್ಲಿ ಕೋಣೆ, ನಾಲ್ಕು ರೂಪಾಯಿ, ಆಸ್ಪತ್ರೆಗೆ ಒಂದೂವರೆ ಮೈಲು, ಏರು ದಾರಿ.

ನಾನು ನಾಲ್ಕು ರೂಪಾಯಿಯದನ್ನು ಹಿಡಿದೆ. ಯಾರು ಬೇಡ ಅನ್ನುತ್ತಾರೆ?

ಚಿಮಣಿ ದೀಪದ ಎದುರು ಕೂತು ಬರೆದದ್ದು ಈಗಲೂ ನನಗೆ ಬಾಯಿಪಾಠ. ಇಬ್ಬರಿಗೆ ಬಸ್ಸು, ಹೋಗಲಿಕ್ಕೆ ಬರಲಿಕ್ಕೆ, ಹತ್ತು ರೂಪಾಯಿ. ಮೂರು ತಿಂಗಳ ಬಾಡಿಗೆ ಹನ್ನೆರಡು. ಅಕ್ಕಿ ಸಾಮಾನು ಇಬ್ಬರಿಗೆ ದಿನಕ್ಕೆ ಐದಾಣೆ, ಇಪ್ಪತ್ತೆಂಟು ರೂಪಾಯಿ ಎರಡಾಣೆ. ಅಣ್ಣನಿಗೆ ಹಾಲು ಮೊಟ್ಟೆ ದಿನಕ್ಕೆ ಮೂರಾಣೆ, ಹದಿನಾರು ರೂಪಾಯಿ ಹದಿನಾಲ್ಕಾಣೆ. ಸೂಜಿಮದ್ದಿಗೆ ಇಪ್ಪತ್ತನಾಲ್ಕು. ಎರಡು ಕಂಬಳಿ ಐದು. ಸೌದೆ ನಾಲ್ಕೂವರೆ. ಕೊನೆಗೆ, ಕೋಣೆಯಿಂದ ಆಸ್ಪತ್ರೆಗೆ ದಿನಾ ಹೋಗಿಬರುವ ಖರ್ಚು.

ಅಲ್ಲಿ ಪೆನ್ಸಿಲು ಒಂದು ಗಳಿಗೆ ನಿಂತಿತು. ಅಮ್ಮ ಒಲೆಯ ಹತ್ತಿರದಿಂದಲೇ ಕೂಗಿದಳು: "ಅದಕ್ಕೆ ಎಂತ ಖರ್ಚು? ಕಾಲಿಗೆ ಕೂಲಿ ಇಲ್ಲ."

ಅದು ನಮ್ಮ ಮನೆಯ ಗಾದೆ. ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬೋಳಾರದಿಂದ ಹೊರಟು, ಹಂಪನಕಟ್ಟೆ ದಾಟಿ, ಬಿಜೈವರೆಗೆ ಮನೆಮನೆ ಸುತ್ತಿ ಮಧ್ಯಾಹ್ನಕ್ಕೆ ತಿರುಗಿ ಬರುವವಳು. ಅವಳ ಅಮ್ಮನೂ ಹಾಗೆಯೇ. ನಮ್ಮ ಹೆಂಗಸರು ಹುಟ್ಟಿದಂದಿನಿಂದ ಸಾಯುವವರೆಗೆ ಒಂದು ಗಾಡಿಗೆ ಒಂದು ದುಡ್ಡು ಕೊಟ್ಟವರಲ್ಲ. ನಡೆಯುವುದು ನಮಗೆ ಕೆಲಸವೇ ಅಲ್ಲ, ಉಸಿರಾಡಿದ ಹಾಗೆ. ಡಾಕ್ಟರು ದಣಿಯಬಾರದು ಎಂದದ್ದು ನೆನಪಿತ್ತು. ಆದರೆ ಬುಟ್ಟಿ ಹೊರದೆ ಬರಿಗೈಯಲ್ಲಿ ನಡೆದರೆ ಅದು ದಣಿವು ಎಂದು ನಮ್ಮ ಕೇರಿಯಲ್ಲಿ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಸೊನ್ನೆ ಬರೆದೆ. ಒಟ್ಟು ನೂರು ರೂಪಾಯಿ ಎಂಟಾಣೆ.

"ಎಂಟಾಣೆ ನನ್ನ ಹತ್ತಿರ ಇಲ್ಲ," ಎಂದ ಮಾವ. "ಅದನ್ನು ನಿನ್ನ ಕುಡಿಕೆಯಿಂದ ಹಾಕು. ನೂರು ಅಂತ ಬೂಬನಿಗೆ ಹೇಳ್ತೇನೆ."

ಮರುದಿನವೇ ಹೇಳಿದ. ಬೂಬ ನೂರು ಎಣಿಸಿ ಕೊಟ್ಟ. ಅರ್ಧ ಪಾಲು ಹೋಯಿತು. ಸೋಮವಾರದ ಬಸ್ಸಿಗೆ ಹೊರಡುವುದೆಂದು ಆಯಿತು.

ಆ ವಾರ ನನ್ನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಹೊಸ್ತಿಲಲ್ಲಿ ಕೂತರೆ ಏಳಬೇಕು, ಎದ್ದರೆ ಅಂಗಳಕ್ಕೆ ಹೋಗಬೇಕು, ಅಂಗಳಕ್ಕೆ ಹೋದರೆ ಮತ್ತೆ ಒಳಗೆ ಬಂದು ಆ ಕಾಗದ ತೆಗೆದು ಕೂಡಬೇಕು. ಅಕ್ಕಿಯ ಡಬ್ಬದಲ್ಲಿಟ್ಟ ಹಣವನ್ನು ದಿನಕ್ಕೆ ನಾಲ್ಕು ಸಲ ಎಣಿಸುತ್ತಿದ್ದೆ. "ಇದು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದು," ಎಂದು ಅಮ್ಮ ಬೈದಳು. "ಎಣಿಸಿದ್ರೆ ಮರಿ ಹಾಕ್ತದಾ ಅದು?"

ನಿಜ ಹೇಳುತ್ತೇನೆ. ಅದು ಬರೀ ಅಣ್ಣನ ಚಿಂತೆಯಾಗಿರಲಿಲ್ಲ. ನಾನು ಅಲ್ಲಿಯವರೆಗೆ ದಕ್ಷಿಣಕ್ಕೆ ಉಳ್ಳಾಲ ಬಿಟ್ಟರೆ, ಉತ್ತರಕ್ಕೆ ಬಿಜೈ ಬಿಟ್ಟರೆ ಒಂದು ಊರು ಕಂಡವಳಲ್ಲ. ಹೊಳೆ, ಕಡಲು, ಮರಳು, ಮೀನಿನ ಚಿಪ್ಪು, ಬೆಳಗಾದರೆ ಅದೇ. ಹಂಪನಕಟ್ಟೆಯಲ್ಲಿ ಬಸ್ಸಿನ ಹಿಂದೆ ಏಳುವ ಧೂಳನ್ನು ನೋಡಿದರೆ ನನ್ನ ಕಾಲು ತಾನಾಗಿ ಅದರ ಹಿಂದೆ ನಾಲ್ಕು ಹೆಜ್ಜೆ ಹೋಗುತ್ತಿತ್ತು. ಮಡಿಕೇರಿ! ಅಲ್ಲಿ ಬಾಯಿ ತೆರೆದರೆ ಹೊಗೆ ಬರುತ್ತದಂತೆ. ಮೋಡ ಮನೆಯೊಳಗೆ ಹೊಕ್ಕುತ್ತದಂತೆ. ಅಣ್ಣನ ಕಾಯಿಲೆಯ ನಡುವೆ ನನಗೆ ಈ ಖುಷಿ. ನಾಚಿಕೆಯಾಗುತ್ತಿತ್ತು, ಆದರೂ ಆಗುತ್ತಿತ್ತು. ಅಣ್ಣನಿಗೆ ಅದು ಗೊತ್ತಿತ್ತು. "ಮೋಡ ಬಂದ್ರೆ ಬಾಗಿಲು ಹಾಕ್ಬೇಡ, ಪಾಪ ಎಲ್ಲಿಗೆ ಹೋಗ್ತದೆ," ಎಂದು ಗೇಲಿ ಮಾಡುತ್ತಿದ್ದ.

ಆದರೆ ಅವನ ಕೆಮ್ಮು ಆ ವಾರ ಜೋರಾಯಿತು. ಬೆಳಿಗ್ಗೆ ನಾನು ಏಳುವಾಗ ಅವನ ಚಾಪೆ ಖಾಲಿ. ಬಿಸಿಲು ಬಂದ ಮೇಲೆ ಬೆವರಿ, ಬಿಳಿಚಿಕೊಂಡು ಬರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದರೆ, "ಹೊಳೆ ಬದಿಗೆ, ಗಾಳಿಗೆ" ಎನ್ನುತ್ತಿದ್ದ. "ಗಾಳಿಗೆ ಹೋದವನಿಗೆ ಇಷ್ಟು ಬೆವರಾ?" ಎಂದು ನಾನು ರೇಗಿದರೆ ನಗುತ್ತಿದ್ದ. ನಗು ಅರ್ಧಕ್ಕೇ ಕೆಮ್ಮಾಗುತ್ತಿತ್ತು.

ಶುಕ್ರವಾರ ಟಿಕೇಟು ಮಾಡಿಸಲು ಹಂಪನಕಟ್ಟೆಗೆ ಹೋದೆ. ರಾಫೆಲ್ ಪೊರ್ಬುಗಳು ಕನ್ನಡಕ ಮೂಗಿಗೆ ಇಳಿಸಿ ಕೇಳಿದರು: "ಯಾವ ಕೋಣೆ ಮಾಡಿದಿ? ಡ್ರೈವರನ ಹತ್ತಿರ ಹೇಳಿ ಕಳಿಸ್ಬೇಕಲ್ಲ."

"ಕೆಳಗಿನ ಬೀದಿಯದ್ದು."

ಅವರು ಪೆನ್ನು ಕೆಳಗಿಟ್ಟರು. "ಮತ್ತೆ ಆಸ್ಪತ್ರೆಗೆ ಹೇಗೆ ಹೋಗ್ತಾನೆ ವಾಸು?"

"ಎಂತ ಪೊರ್ಬುಗಳೇ, ಕಾಲುಂಟಲ್ಲ."

"ಅಯ್ಯೋ ಮಾರಾಯ್ತಿ! ಆ ದಾರಿ ನೀನು ನೋಡಿದ್ದೀಯಾ? ಅದು ನಮ್ಮ ಬಂದರು ರಸ್ತೆ ಅಂತ ತಿಳಿದಿಯಾ? ಗೋಡೆ ಹತ್ತಿದ ಹಾಗೆ ಹತ್ತಬೇಕು. ಗಟ್ಟಿ ಗಂಡಸರೇ ನಡುವಲ್ಲಿ ನಿಲ್ತಾರೆ. ಎದೆ ಕಾಯಿಲೆಯವನು ಹತ್ತುವುದುಂಟಾ, ಅದೂ ದಿನಾ? ಜಟಕಾ ಮಾಡ್ಬೇಕು."

"ಜಟಕಾಕ್ಕೆ ಎಷ್ಟು?"

"ಹತ್ತಲಿಕ್ಕೆ ನಾಲ್ಕಾಣೆ, ಇಳಿಲಿಕ್ಕೆ ಎರಡಾಣೆ."

ನನ್ನ ತಲೆ ಆಗಲೇ ಗುಣಿಸಿಬಿಟ್ಟಿತು. ಹಾಳಾದ ತಲೆ! ದಿನಕ್ಕೆ ಆರಾಣೆ, ತೊಂಬತ್ತು ದಿನ, ಮೂವತ್ತಮೂರು ರೂಪಾಯಿ ಹನ್ನೆರಡಾಣೆ. ಅಮ್ಮ ದಿನವಿಡೀ ಬುಟ್ಟಿ ಹೊತ್ತು ಸುತ್ತಿದರೆ ಉಳಿಯುವುದೇ ಆರಾಣೆ. ಮಾವ ಮಾತು ಕೊಟ್ಟಾಗಿತ್ತು. ಬೂಬ ಹಣ ಕೊಟ್ಟಾಗಿತ್ತು. ಇನ್ನು ಮೂವತ್ತಮೂರು ಎಲ್ಲಿಂದ?

ಹೆದರಿಕೆಯಾದಾಗ ನನಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ. "ನಿಮಗೆ ಕುರ್ಚಿಯಲ್ಲಿ ಕೂತು ಕೂತು ಕಾಲು ಸತ್ತಿದೆ," ಎಂದೆ. "ನಾವು ನಡೆಯುವವರು. ನಾಳೆ ಅಣ್ಣನನ್ನು ಬಾವುಟಗುಡ್ಡೆ ಹತ್ತಿಸ್ತೇನೆ. ಹತ್ತಿ ಇಳಿದು ಇಲ್ಲಿಗೇ ಕರ್ಕೊಂಡು ಬರ್ತೇನೆ. ಆಮೇಲೆ ಟಿಕೇಟು ಕೊಡಿ."

"ಹುಚ್ಚು ಮಾಡ್ಬೇಡ, ವಾರಿಜಾ," ಎಂದರು ಅವರು. ನಾನು ಆಗಲೇ ಮೆಟ್ಟಿಲು ಇಳಿದಿದ್ದೆ.

ಆ ರಾತ್ರಿ ನಿದ್ದೆ ಮಾಡಿದೆನೆಂದರೆ ಸುಳ್ಳು. ಒಂದು ಕಡೆ ಮಗ್ಗುಲಾದರೆ ಮೂವತ್ತಮೂರು, ಇನ್ನೊಂದು ಕಡೆಗೆ ಹೊರಳಿದರೆ ಹನ್ನೆರಡಾಣೆ.

ಶನಿವಾರ ಸಂಜೆ ಬಿಸಿಲು ಇಳಿದ ಮೇಲೆ ಅಣ್ಣನನ್ನು ಹೊರಡಿಸಿದೆ. ಎಲ್ಲಿಗೆ ಎಂದು ಹೇಳಿದಾಗ ಅವನು ಒಂದು ಕ್ಷಣ ನನ್ನ ಮುಖ ನೋಡಿ, "ಸರಿ, ಹೋಗುವ" ಎಂದ. ಅಷ್ಟು ಬೇಗ ಒಪ್ಪಿದ್ದು ನನಗೆ ಆಗಲೇ ವಿಚಿತ್ರ ಅನಿಸಬೇಕಿತ್ತು. ಹಂಪನಕಟ್ಟೆಯವರೆಗೆ ಮೆಲ್ಲ ಮೆಲ್ಲ, ಅಲ್ಲಲ್ಲಿ ಕೂತು ನಡೆದೆವು. ಅಲ್ಲಿಂದ ಗುಡ್ಡದ ದಾರಿ ಶುರು. ಬಾವುಟಗುಡ್ಡೆ ಎಂತ ದೊಡ್ಡ ಗುಡ್ಡವಲ್ಲ, ಮೇಲೆ ಹಳೆಯ ದೀಪಸ್ತಂಭ ಉಂಟು, ಕಾಲೇಜಿನ ಹುಡುಗರು ಓಡಿ ಹತ್ತುತ್ತಾರೆ.

ಇಪ್ಪತ್ತು ಹೆಜ್ಜೆಗೆ ಅಣ್ಣ ನಿಂತ. "ಚಪ್ಪಲಿಗೆ ಕಲ್ಲು ಹೊಕ್ಕಿತು." ಬಗ್ಗಿ ಚಪ್ಪಲಿ ಕೊಡವಿದ. ಕಲ್ಲು ಬೀಳಲಿಲ್ಲ. ಮತ್ತೆ ಸ್ವಲ್ಪ ಹತ್ತಿ, ತಿರುವಿನಲ್ಲಿ ನಿಂತು ಪಶ್ಚಿಮಕ್ಕೆ ಕೈ ತೋರಿಸಿದ. "ನೋಡು, ಅಳಿವೆಬಾಗಿಲಲ್ಲಿ ಮಂಜಿ. ಹಾಯಿ ಬಿಚ್ಚಿದ್ದಾರೆ." ಮಂಜಿ ಎಂದರೆ ಹಂಚು ಹೇರಿಕೊಂಡು ಹೋಗುವ ದೊಡ್ಡ ಹಾಯಿದೋಣಿ. ಹುಟ್ಟಿದಂದಿನಿಂದ ನೋಡಿದ್ದನ್ನು ಅವನು ಈಗ ಹೊಸದಾಗಿ ನೋಡಿದ ಹಾಗೆ ನೋಡಿದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಕತ್ತಿನ ಬುಡದ ಕುಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

"ಸಾಕಾ?" ಎಂದೆ.

"ಛೆ, ಎಂತ ಸಾಕು? ಮಂಜಿ ನೋಡಿದ್ದು."

ಇನ್ನೂ ಅರ್ಧ ದಾರಿ ಆಗಿರಲಿಲ್ಲ. ಅಲ್ಲಿ ಒಂದು ಮರದ ಬುಡದಲ್ಲಿ ಬೆನಿಟಾ ಬಾಯಮ್ಮ ಎಂಬ ಮುದುಕಿ ಮಜ್ಜಿಗೆಯ ಮಡಕೆ, ಪೇರಳೆಕಾಯಿ ಇಟ್ಟುಕೊಂಡು ಕೂತಿದ್ದಳು. ಅಣ್ಣನನ್ನು ಕಂಡದ್ದೇ ಮುಖ ಅರಳಿಸಿ ಹತ್ತಿರದ ಕಲ್ಲನ್ನು ಸೆರಗಿನಿಂದ ಒರೆಸಿದಳು.

"ಬಾ ಮಗ, ಕೂತ್ಕೊ. ಬೆಳಿಗ್ಗೆ ಒಮ್ಮೆ ಬಂದು ಸಾಕಾಗ್ಲಿಲ್ವಾ? ಇದು ತಂಗಿಯಾ?" ಆಮೇಲೆ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳು ಮಗಾ ಇವನಿಗೆ. ಐದು ದಿನದಿಂದ ದಿನಾ ಬೆಳಗಾಗುವಾಗ ಬರ್ತಾನೆ. ನಾನು ಆಗಷ್ಟೇ ಮಡಕೆ ಇಳಿಸಿರ್ತೇನೆ. ಮೊದಲ ದಿನ ಏಳು ಸಲ ಕೂತ. ನಿನ್ನೆ ನಾಲ್ಕು ಸಲ. ಇವತ್ತು ಬೆಳಿಗ್ಗೆ ಇಲ್ಲೇ ಕೆಮ್ಮಿ ಕೆಮ್ಮಿ ನೆಲ ಹಿಡ್ಕೊಂಡ. ನನಗೆ ಹೆದರಿಕೆ ಆಯ್ತು. ಯಾರಿಗೆ ಬೇಕಾಗಿ ಈ ಹರಕೆ ಅಂತ ಕೇಳಿದ್ರೆ, ತಂಗಿಯ ಲೆಕ್ಕ ಸರಿ ಮಾಡ್ಲಿಕ್ಕೆ ಅಂತಾನೆ. ಎಂತ ಲೆಕ್ಕವಾ?"

ನಾನು ಅಣ್ಣನನ್ನು ನೋಡಿದೆ. ಅವನು ಚಪ್ಪಲಿಯನ್ನು ನೋಡುತ್ತಿದ್ದ.

"ಹೊಳೆ ಬದಿಗೆ ಗಾಳಿಗೆ ಹೋಗುವುದು ಇದಾ?" ಎಂದೆ.

ಅವನು ಕಲ್ಲಿನ ಮೇಲೆ ಕೂತ. ಉಸಿರು ಸಿಕ್ಕಲು ಸ್ವಲ್ಪ ಹೊತ್ತು ಹಿಡಿಯಿತು. "ನೀನು ಸೊನ್ನೆ ಬರೆದಿ ಅಲ್ವಾ," ಎಂದ. "ಡ್ರೈವರನ ಚೀಟಿ ನಾನೂ ಓದಿದ್ದೇನೆ. ಏರು ದಾರಿ ಅಂತ ಇತ್ತು. ಇಲ್ಲಿ ಸ್ವಲ್ಪ ಅಭ್ಯಾಸ ಮಾಡಿದ್ರೆ ಅಲ್ಲಿ ಆಗ್ತದೆ ಅಂತ ಗ್ರಹಿಸಿದೆ. ಏಳರಿಂದ ನಾಲ್ಕಕ್ಕೆ ಬಂತಲ್ಲ? ಸೋಮವಾರದ ಒಳಗೆ..."

"ಬಾಯಿ ಮುಚ್ಚು!" ಎಂದು ಕಿರುಚಿದೆ. ಬಾಯಮ್ಮನ ಕೈಯಿಂದ ಸೌಟು ಬಿತ್ತು. "ದಣಿಯಬಾರದು ಅಂತ ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿಲ್ವಾ? ಸಾಯ್ಲಿಕ್ಕೆ ಅಭ್ಯಾಸ ಮಾಡಿದ್ದಾ ನೀನು? ಹೇಳಬಹುದಿತ್ತಲ್ಲ, ವಾರಿಜಾ ನಿನ್ನ ಲೆಕ್ಕ ತಪ್ಪು ಅಂತ!"

"ಹೇಳಿದ್ರೆ ನಿನಗೆ ಬರ್ಲಿಕ್ಕೆ ಆಗ್ತಿರ್ಲಿಲ್ಲ," ಎಂದ ಅಣ್ಣ, ಬಹಳ ಸಾದಾ ಮಾತಿನಂತೆ. "ಆ ರತ್ನಾವತಿಯ ಮನೆಯಲ್ಲಿ ಒಬ್ಬನಿಗೇ ಜಾಗ. ನೀನು ಮೋಡ ನೋಡ್ಬೇಕು ಅಂತ ಇದ್ದಿ."

ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನಿಸಿತು. ಏಕೆಂದರೆ ಚೀಟಿ ಓದಿದವನು ಅವನೊಬ್ಬನೇ ಅಲ್ಲ. ಏರು ದಾರಿ ಎಂಬುದನ್ನು ನಾನು ಎಲ್ಲರಿಗಿಂತ ಮೊದಲು ಓದಿದ್ದೆ. ಓದಿ, ಅದರ ಮೇಲೆ ಕಣ್ಣು ನಿಲ್ಲಿಸದೆ ಮುಂದೆ ಹೋಗಿದ್ದೆ. ರತ್ನಾವತಿಯ ಮನೆಯ ಸಾಲಿಗೆ ಬಂದಾಗ, ರೋಗಿ ಒಬ್ಬರಿಗೆ ಮಾತ್ರ ಎಂದು ಕಂಡು, ಅದನ್ನು ಲೆಕ್ಕ ಹಾಕಿಯೂ ನೋಡಿರಲಿಲ್ಲ. ಅಮ್ಮ ಕಾಲಿಗೆ ಕೂಲಿ ಇಲ್ಲ ಎಂದಾಗ ನನಗೆ ಎಷ್ಟು ಹಾಯೆನಿಸಿತ್ತು! ಸೊನ್ನೆ ಬರೆದರೆ ಮಾತ್ರ ಆ ನೂರರೊಳಗೆ ನನ್ನ ಹೆಸರು ಹಿಡಿಯುತ್ತಿತ್ತು. ಅಣ್ಣನ ಎದೆಯ ಮೇಲೆ ಕಾಲಿಟ್ಟು ಮೋಡ ನೋಡಲು ಹೊರಟವಳು ನಾನು.

ಅದನ್ನು ಅವನಿಗೆ ಹೇಳಿದೆ. ಬಾಯಮ್ಮನ ಎದುರೇ ಹೇಳಿದೆ. ಮುಚ್ಚಿಡಲು ಇನ್ನೇನು ಉಳಿದಿತ್ತು? "ನನಗೆ ಗೊತ್ತಿತ್ತು ಅಣ್ಣ. ನನಗೆ ಹೋಗ್ಬೇಕಿತ್ತು, ಅದಕ್ಕೆ ಸೊನ್ನೆ ಬರೆದೆ."

"ಅದೂ ನನಗೆ ಗೊತ್ತಿತ್ತು," ಎಂದ ಅವನು. ಆಮೇಲೆ ನಕ್ಕ. ನನಗೆ ಆಗ ಅಳು ಬಂತು. ಸಿಟ್ಟಿನಿಂದಲೇ ಬಂತು. ಬೆನಿಟಾ ಬಾಯಮ್ಮ ನಮಗಿಬ್ಬರಿಗೂ ಮಜ್ಜಿಗೆ ಕೊಟ್ಟಳು, ಕಾಸು ಮುಟ್ಟಲಿಲ್ಲ.

ನಾವು ಮೇಲಕ್ಕೆ ಹತ್ತಲಿಲ್ಲ. ಅಲ್ಲಿಂದಲೇ ಇಳಿದೆವು. ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲ ಸಲ ಹಂಪನಕಟ್ಟೆಯಿಂದ ಬೋಳಾರಕ್ಕೆ ನಾನು ಜಟಕಾ ಮಾಡಿದೆ. ಗಾಡಿಯಿಂದ ಇಳಿಯುವ ಅಣ್ಣನನ್ನು ಕಂಡು ಅಮ್ಮ ಎದೆ ಬಡಿದುಕೊಂಡು ಓಡಿ ಬಂದಳು. ಗಾಡಿಯಲ್ಲಿ ಬರುವುದು ಹೆಣ ಮಾತ್ರ ಎಂದು ಅವಳ ಲೆಕ್ಕ. ಎರಡಾಣೆ ಕೊಟ್ಟದ್ದನ್ನು ನೋಡಿ ಮತ್ತೊಮ್ಮೆ ಎದೆ ಬಡಿದುಕೊಂಡಳು.

ಕೂತು ಹೊಸ ಕಾಗದ ತೆಗೆದೆ. ಈ ಸಲ ಅಮ್ಮನ ಮಾತಿಗೆ ಕಿವಿ ಕೊಡಲಿಲ್ಲ. ಒಬ್ಬನಿಗೆ ಬಸ್ಸು, ಐದು. ರತ್ನಾವತಿಯ ಮನೆ ಊಟ ಸಮೇತ ಮೂರು ತಿಂಗಳಿಗೆ ಅರವತ್ತು. ಸೂಜಿಮದ್ದು ಇಪ್ಪತ್ತನಾಲ್ಕು. ಒಂದು ಕಂಬಳಿ ಎರಡೂವರೆ. ತೊಂಬತ್ತೊಂದೂವರೆ ಆಯಿತು. ಉಳಿದ ಎಂಟೂವರೆಯಲ್ಲಿ ದಿನಕ್ಕೆ ಒಂದೂವರೆ ಆಣೆಯ ಹಾಲು. ಎಲ್ಲ ಕೂಡಿ ಕಳೆದು ನೋಡಿದರೆ ನೂರರಲ್ಲಿ ಒಂದಾಣೆ ಉಳಿಯಿತು. ದಿನಾ ಹೋಗಿಬರುವ ಖರ್ಚಿನ ಎದುರು ಮತ್ತೆ ಸೊನ್ನೆಯನ್ನೇ ಬರೆದೆ. ಗೇಟು ಎದುರೇ ಉಂಟಲ್ಲ! ಈ ಸೊನ್ನೆ ಬರೆಯುವಾಗ ಪೆನ್ಸಿಲು ಎಲ್ಲಿಯೂ ನಿಲ್ಲಲಿಲ್ಲ.

ಮಾವ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದಾಗ ಕಾಗದ ಅವನ ಮುಂದೆ ಹಿಡಿದೆ. ಅವನಿಗೆ ಓದು ಬಾರದು. ಆದರೂ ತಿರುಗಿಸಿ ಮುರುಗಿಸಿ ನೋಡಿದ.

"ನೂರು ನೂರೇ ಅಲ್ವಾ?"

"ನೂರೇ, ಮಾವ."

"ಮತ್ತೆ ಎಂತ ಬದಲಾದದ್ದು?"

"ನಾನು ಹೋಗುವುದಿಲ್ಲ."

ಅವನು ನನ್ನನ್ನು ನೋಡಿದ. ಅರ್ಧ ಪಾಲು ಕಳಕೊಂಡವನಿಗೆ ಕಳಕೊಂಡವರ ಮುಖ ಗೊತ್ತಾಗುತ್ತದೆಯೋ ಏನೋ. ಬೀಡಿ ಹಚ್ಚಿ, "ಬಂಗುಡೆ ಚೆನ್ನಾಗಿ ಬಂದ್ರೆ ಒಂದು ಸಲ ನಿನ್ನನ್ನೂ ಕಳಿಸುವ," ಎಂದ. ಅರ್ಧ ಪಾಲಿನಲ್ಲಿ ಎಷ್ಟು ಬಂಗುಡೆ ಬಂದರೆ ಎಷ್ಟು ಎಂದು ನನಗೂ ಗೊತ್ತು, ಅವನಿಗೂ ಗೊತ್ತು. "ಆಯ್ತು ಮಾವ," ಎಂದೆ.

ಅಣ್ಣ ಮಾತ್ರ ಆದಿತ್ಯವಾರ ಇಡೀ ದಿನ ಹಟ ಹಿಡಿದ. ಒಬ್ಬನೇ ಹೋಗುವುದಿಲ್ಲ, ಹನ್ನೆರಡರ ಕೋಣೆ ನೋಡುವ, ಊಟ ಕಡಿಮೆ ಮಾಡುವ, ಹಾಲು ಬೇಡ. ನಾನು ಕೇಳುವಷ್ಟು ಕೇಳಿ, "ಇನ್ನೊಂದು ಮಾತಾಡಿದ್ರೆ ನಿನ್ನನ್ನು ಮೀನಿನ ಬುಟ್ಟಿಯಲ್ಲಿ ಹಾಕಿ ಬಸ್ಸಿನ ಮೇಲೆ ಕಟ್ಟಿಸ್ತೇನೆ," ಎಂದೆ. ಅಮ್ಮ ಒಳಗೆ ಹೋಗಿ ಅಳುತ್ತಾ ಒಣಮೀನು ಕಟ್ಟಿದಳು.

ಸೋಮವಾರ ಬೆಳಿಗ್ಗೆ ರಾಫೆಲ್ ಪೊರ್ಬುಗಳು ಒಂದೇ ಟಿಕೇಟು ಬರೆದರು. ನಾನು ಕುರ್ಚಿ ಮತ್ತು ಕಾಲಿನ ಬಗ್ಗೆ ಹೇಳಿದ್ದಕ್ಕೆ ತಪ್ಪಾಯಿತು ಎಂದು ಹೇಳಬೇಕಿತ್ತು, ನಾಲಿಗೆ ಹೊರಳಲಿಲ್ಲ. ಅವರೇ ಡ್ರೈವರನನ್ನು ಕರೆದು ವಾಸುವಿಗೆ ಮುಂದಿನ ಸೀಟು ಮಾಡಿಸಿದರು. ನಾನು ಕುಡಿಕೆಯ ಎಂಟಾಣೆಯನ್ನು ಅಣ್ಣನ ಕರವಸ್ತ್ರದ ತುದಿಗೆ ಗಂಟು ಹಾಕಿ ಕೊಟ್ಟೆ. "ಇದು ಲೆಕ್ಕದಲ್ಲಿಲ್ಲ. ಎಲ್ಲಿಗಾದ್ರೂ ಹತ್ತಬೇಕಾದ್ರೆ ಗಾಡಿ ಮಾಡು. ನಡೆದಿ ಅಂತ ಗೊತ್ತಾದ್ರೆ ಜಾಗ್ರತೆ!"

ಬಸ್ಸು ಹೋಯಿತು. ಧೂಳು ಎದ್ದಿತು. ನಾನು ಅದೇ ಧೂಳಿನಲ್ಲಿ ನಿಂತಿದ್ದೆ. ಆಮೇಲೆ ಅಮ್ಮನ ಬುಟ್ಟಿಯನ್ನು ನಾನೇ ಹೊತ್ತು ಬಿಜೈ ಕಡೆಗೆ ಹೊರಟೆ. ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಒಂದು ತಿಂಗಳು ಹಾಗೆಯೇ ನಡೆದೆ. ಬೀದಿಯಲ್ಲಿ ಅಂಚೆಯವನ ಖಾಕಿ ಅಂಗಿ ಕಂಡರೆ ಬೆಲೆ ಹೇಳುವುದು ಮರೆತುಹೋಗುತ್ತಿತ್ತು. ಕೊಳ್ಳುವವರು ಅದನ್ನೇ ಕಾದು ಚೌಕಾಸಿ ಮಾಡುತ್ತಿದ್ದರು.

ಕಾರ್ಡು ಬಂದದ್ದು ಒಂದು ಗುರುವಾರ. ಅಣ್ಣನ ಸಣ್ಣ ಅಕ್ಷರ, ಅಂಚಿನವರೆಗೆ ತುಂಬಿಸಿದ್ದ. ಅಂಗಳದಲ್ಲಿ ಅಮ್ಮನಿಗೂ ಮಾವನಿಗೂ ಗಟ್ಟಿಯಾಗಿ ಓದಿದೆ.

"ವಾರಿಜಾ, ಉಳಿದ ಒಂದಾಣೆಯಲ್ಲಿ ಈ ಕಾರ್ಡು. ಆಸ್ಪತ್ರೆಗೆ ಇಲ್ಲಿಂದ ನಲವತ್ತೊಂದು ಹೆಜ್ಜೆ. ಒಂದು ಸಲವೂ ಕೂರುವುದಿಲ್ಲ. ತೂಕ ಎರಡು ಪೌಂಡು ಹೆಚ್ಚಾಗಿದೆ, ಡಾಕ್ಟರು ಖುಷಿಯಲ್ಲಿದ್ದಾರೆ. ಕರವಸ್ತ್ರದಲ್ಲಿ ಈಗ ಕೆಂಪಿಲ್ಲ. ನಿನ್ನ ಎಂಟಾಣೆಯಲ್ಲಿ ಆರಾಣೆ ಖರ್ಚು ಮಾಡಿದ್ದೇನೆ, ಬೈಯಬೇಡ. ಜಟಕಾ ಮಾಡಿಕೊಂಡು ಕೆಳಗಿನ ಬೀದಿಗೆ ಹೋಗಿ ನೀನು ಆರಿಸಿದ ಕೋಣೆ ನೋಡಿಬಂದೆ. ಖಾಲಿಯೇ ಉಂಟು. ಕಿಟಕಿಗೆ ಬಾಗಿಲಿಲ್ಲ. ಎದುರು ಗುಡ್ಡದ ಹಿಂದೆ ಗುಡ್ಡ. ನಾನು ನಿಂತಿದ್ದಾಗಲೇ ಮೋಡ ಒಳಗೆ ಬಂತು. ನಿನ್ನ ಪಾಲಿನದ್ದನ್ನೂ ನಾನೇ ನೋಡಿದೆ. ತಿರುಗಿ ಹತ್ತುವಾಗ ಕುದುರೆಯೇ ಮೂರು ಸಲ ನಿಂತಿತು."

ಅಮ್ಮ ಕಣ್ಣೊರೆಸಿಕೊಂಡಳು. "ಗಾಡಿಗೆ ಆರಾಣೆ ಹಾಳು ಮಾಡಿದ," ಎಂದಳು.

"ಹಾಳಲ್ಲ," ಎಂದೆ ನಾನು. ಮಾವ ಇನ್ನೊಮ್ಮೆ ಓದು ಎಂದ. ಮೋಡದವರೆಗೆ ಓದಿದೆ, ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಆಗಲಿಲ್ಲ.